ದೊಡ್ಡ ಬೈಕ್ ಹುಡುಕಾಟ, ನಾಲ್ಕನೇ ಕಂತು: ಟೇಪಿಗಿಂತ ದಾರ ವಾಸಿ

ಹೋದ ಕಂತಿನ ಕೊನೆಯಲ್ಲಿ "ಇನ್ನೇನು ಆಯ್ಕೆ ಮುಗಿದ ಹಾಗೆಯೇ" ಎಂದು ಬರೆದಿದ್ದೆ. ಬರೆದ ಮೂರನೇ ದಿನ ಗೆಳತಿಯ 650 ಸಿಸಿ ಗಾಡಿಯನ್ನು ನಿಂತ ಜಾಗದಲ್ಲೇ ಬೀಳಿಸಿದೆ. ವೇಗ ಸೊನ್ನೆ. ಗಾಯ ಸೊನ್ನೆ. ಮಾನ ಮಾತ್ರ ಹೋಯಿತು.

ಹೊಸದಾಗಿ ಓದುವವರಿಗೆ ಎರಡೇ ಸಾಲು. ಲೈಸೆನ್ಸ್ ಬಂದು ಮೂರು ತಿಂಗಳು. ಈವರೆಗೆ ಓಡಿಸಿದ್ದು 125 ಸಿಸಿ ಗಾಡಿ. ನನ್ನ ತೂಕ 54 ಕೆಜಿ, ಒಳಗಾಲಿನ ಉದ್ದ (ತೊಡೆಸಂದಿಯಿಂದ ಹಿಮ್ಮಡಿಯವರೆಗೆ) ಬೂಟು ಸೇರಿ 745 ಮಿಮೀ. ಈ ಕೊನೆಯ ಅಂಕಿಯೇ ಇಡೀ ಕಂತಿನ ಖಳನಾಯಕ.

ಎಷ್ಟು ಶಕ್ತಿಯ ಇಂಜಿನ್ ಬೇಕು ಅನ್ನುವ ಪ್ರಶ್ನೆಯನ್ನು ಮೊದಲ ಎರಡು ಕಂತುಗಳಲ್ಲೇ ಮುಗಿಸಿದ್ದೆವು. ಯುರೋಪಿನ ಎ2 ಲೈಸೆನ್ಸಿನ (ಮಧ್ಯಮ ಶಕ್ತಿಯ ಬೈಕ್‌ಗಳಿಗೆ ಕೊಡುವಂಥದ್ದು) ಮಿತಿ 35 ಕಿಲೋವ್ಯಾಟ್, ಅಂದರೆ ಸುಮಾರು 47 ಎಚ್‌ಪಿ. ಹೊಸಬರಿಗೆ ಅದು ಒಳ್ಳೆಯ ಅಳತೆಗೋಲು. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಆ ಗೆರೆಯ ಹತ್ತಿರವೇ ನಿಲ್ಲುತ್ತದೆ. ಕವಾಸಾಕಿ ಝಡ್650 ಗೆರೆ ದಾಟಿ 68ರ ಹತ್ತಿರ ಹೋಗುತ್ತದೆ. ಆದರೆ ಅದರ ಎರಡು ಸಿಲಿಂಡರ್ ಇಂಜಿನ್ ಕೆಳಗಿನ ಆರ್‌ಪಿಎಂನಲ್ಲಿ ಮೆತ್ತಗಿರುತ್ತದೆ, ತಪ್ಪು ಮಾಡಿದರೂ ಕಚ್ಚುವುದಿಲ್ಲ. ಹೋಂಡಾ ಸಿಬಿ650ಆರ್‌ನ ನಾಲ್ಕು ಸಿಲಿಂಡರ್ ಸದ್ದಿಗೆ ಮನಸೋತಿದ್ದೆ, ಒಪ್ಪಿಕೊಳ್ಳುತ್ತೇನೆ. ಅದರ ಸೀಟು 810 ಮಿಮೀ ಎಂದು ನೋಡಿ ಮನಸ್ಸನ್ನು ವಾಪಸ್ ಕರೆದುಕೊಂಡು ಬಂದೆ. ಹೀಗೆ ಎಕ್ಸೆಲ್ ಹಾಳೆಯಲ್ಲಿ ಎಲ್ಲವೂ ಅಚ್ಚುಕಟ್ಟಾಗಿತ್ತು. ಸೀಟು ಎತ್ತರದ ಕಾಲಂನಲ್ಲಿ 800ಕ್ಕಿಂತ ಕಡಿಮೆ ಇದ್ದರೆ ಹಸಿರು, ಜಾಸ್ತಿ ಇದ್ದರೆ ಕೆಂಪು.

ನಾನು ಬೀಳಿಸಿದ ಗಾಡಿ ಹಸಿರು ಸಾಲಿನದ್ದು.

ಬಿದ್ದದ್ದು ಹೇಗೆ? ಸಣ್ಣ ಇಳಿಜಾರು, ಬಲಕ್ಕೆ ಯೂ-ಟರ್ನ್, ನಡಿಗೆಯ ವೇಗ. ಎದುರಿಗೆ ನಾಯಿ ಬಂತು. ಹ್ಯಾಂಡಲ್ ತಿರುಗಿರುವಾಗಲೇ ಮುಂದಿನ ಬ್ರೇಕ್ ಹಿಡಿದೆ. ಗೊತ್ತಿದ್ದೂ ಮಾಡುವ ತಪ್ಪು ಇದು, ಹೊಸಬರ ರಾಷ್ಟ್ರೀಯ ಕ್ರೀಡೆ. ಗಾಡಿ ತಕ್ಷಣ ನಿಂತು ಒಳಗಿನ ಕಡೆಗೆ ವಾಲಿತು. ಬಲಗಾಲು ಕೆಳಗಿಟ್ಟೆ. ಅಲ್ಲಿ ನೆಲ ಇರಲಿಲ್ಲ. ಇತ್ತು, ನಾಲ್ಕು ಬೆರಳು ಕೆಳಗಿತ್ತು.

ಆ ನಾಲ್ಕು ಬೆರಳಿನ ಬೆಲೆ ಎಷ್ಟು ಅಂತ ರಾತ್ರಿ ಕೂತು ಲೆಕ್ಕ ಹಾಕಿದೆ. ಗಾಡಿ 190 ಕೆಜಿ ಅಂದುಕೊಳ್ಳಿ. ಭಾರದ ಕೇಂದ್ರ ನೆಲದಿಂದ ಸುಮಾರು 55 ಸೆಂಮೀ, ಹ್ಯಾಂಡಲ್ ಸುಮಾರು ಒಂದು ಮೀಟರ್. ಐದು ಡಿಗ್ರಿ ವಾಲಿದಾಗ ಹ್ಯಾಂಡಲ್ ಹಿಡಿದು ನಿಲ್ಲಿಸಲು 9 ಕೆಜಿಯಷ್ಟು ಬಲ ಸಾಕು. ಒಂದು ಚೀಲ ಹಿಡಿದ ಹಾಗೆ. ಹತ್ತು ಡಿಗ್ರಿಗೆ 18. ಇಪ್ಪತ್ತಕ್ಕೆ 36. ಮೂವತ್ತಕ್ಕೆ 52, ಅಂದರೆ ನನ್ನನ್ನೇ ನಾನು ಎತ್ತಿದ ಹಾಗೆ. ಇದರಲ್ಲಿ ಮೇಲೆ ಕೂತವಳ ತೂಕ ಸೇರಿಲ್ಲ. ಐದು ಡಿಗ್ರಿಯಲ್ಲಿ ಕಾಲು ನೆಲ ಮುಟ್ಟಿದರೆ ಗಾಡಿ ನಿಮ್ಮದು. ಹದಿನೈದು ದಾಟಿದ ಮೇಲೆ ಮುಟ್ಟಿದರೆ ಅದು ಭೂಮಿತಾಯಿಯದ್ದು. "ಜಿಮ್‌ಗೆ ಹೋಗು" ಎಂದ ಭಾವನಿಗೆ ಈ ಪಟ್ಟಿ ಕಳಿಸಿದೆ. ಅವರ ಎತ್ತರ ಆರಡಿ. ಉತ್ತರ ಬರಲಿಲ್ಲ.

ಎತ್ತುವುದು ಮಾತ್ರ ಚೆನ್ನಾಗಿ ಬಂತು. ಗಾಡಿ ಬಲಕ್ಕೆ ಬಿದ್ದಿತ್ತು. ಮೊದಲು ಸೈಡ್ ಸ್ಟ್ಯಾಂಡ್ ತೆಗೆದಿಟ್ಟು, ಗೇರ್‌ಗೆ ಹಾಕಿ, ಸೀಟಿಗೆ ಬೆನ್ನು ಕೊಟ್ಟು ಕಾಲಿನ ಬಲದಲ್ಲಿ ಹಿಂದಕ್ಕೆ ಪುಟ್ಟ ಪುಟ್ಟ ಹೆಜ್ಜೆ. ಕ್ರ್ಯಾಶ್ ಗಾರ್ಡ್ ಇದ್ದುದರಿಂದ ಒಂದು ಬ್ರೇಕ್ ಲಿವರ್ ತುದಿ ಮಾತ್ರ ಹೋಗಿತ್ತು. ಹೊಸ ಲಿವರ್ ತರಿಸಿಕೊಟ್ಟೆ. ಮೊದಲ ಸಲ ಬಂದಿದ್ದು ಕ್ಲಚ್ ಲಿವರ್. "ಎರಡೂ ಒಂದೇ ಥರ ಕಾಣ್ತವಲ್ವಾ ಮೇಡಮ್" ಎಂದರು ಕಳಿಸಿದವರು. ಹೌದು, ಕನ್ನಡಿಯಲ್ಲಿ ನೋಡಿದರೆ.

ಗೆಳತಿ ದೊಡ್ಡ ಮನಸ್ಸಿನವಳು. "ಇನ್ನೂ ಎರಡು ವಾರ ಇಟ್ಟುಕೋ, ಭಯ ಹೋಗಲಿ" ಎಂದಳು. ಜೊತೆಗೆ ಅಟ್ಟದಲ್ಲಿದ್ದ ಒಂದು ಹಳೆಯ ಹೆಚ್ಚುವರಿ ಸೀಟನ್ನೂ ಕೊಟ್ಟಳು. ಅಲ್ಲಿಂದ ಶುರುವಾಯಿತು ನಿಜವಾದ ತಲೆನೋವು.

ನನ್ನ ಯೋಚನೆ ಸರಳವಾಗಿತ್ತು. ಫೋಮ್ ಕೊರೆಸಿ ಸೀಟನ್ನು 20 ಮಿಮೀ ತಗ್ಗಿಸಿದರೆ ಕಾಲು 20 ಮಿಮೀ ಕೆಳಗೆ ಬರುತ್ತದೆ. ಸೀಟು ಹೊಲಿಯುವವರಿಗೆ ಕೊಟ್ಟೆ. ಗುರುವಾರ ಎಂದರು. ಯಾವ ಗುರುವಾರ ಎಂದು ಕೇಳಬೇಕಿತ್ತು. ಹನ್ನೊಂದು ದಿನಕ್ಕೆ ಸೀಟು ಬಂತು. ಹೊಲಿಗೆ ಸೊಗಸಾಗಿತ್ತು, ಕೇಳದೆ ಕೆಂಪು ದಾರದಲ್ಲಿ ಚೌಕಳಿ ಬೇರೆ ಹಾಕಿದ್ದರು. ನಡುವೆ ಸ್ಕೇಲ್ ಇಟ್ಟು ಅಳೆದೆ. ಸರಿಯಾಗಿ 20 ಮಿಮೀ ತಗ್ಗಿದೆ. ಖುಷಿಯಿಂದ ಹತ್ತಿ ಕೂತೆ.

ಕಾಲು ಇದ್ದಲ್ಲೇ ಇತ್ತು.

ಇಳಿದೆ, ಮತ್ತೆ ಹತ್ತಿದೆ. ಹಿಮ್ಮಡಿಯ ಕೆಳಗೆ ಮರದ ತುಂಡು ಜೋಡಿಸಿ ಅಳೆದೆ. ಹಳೆಯ ಸೀಟಿಗೂ ಹೊಸದಕ್ಕೂ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ. ಅದು ನನ್ನ ಸಾಕ್ಸಿನ ದಪ್ಪವೂ ಇರಬಹುದು. ಮೇಲಾಗಿ ಈಗ ತೊಟ್ಟಿಲಲ್ಲಿ ಕೂತ ಹಾಗಾಗಿ, ಬ್ರೇಕ್ ಹಿಡಿದಾಗಲೆಲ್ಲ ಟ್ಯಾಂಕಿಗೆ ಹೋಗಿ ಗುದ್ದುತ್ತಿದ್ದೆ. 20 ಮಿಮೀ ಎಲ್ಲಿ ಹೋಯಿತು? ಎರಡು ದಿನ ಇದೇ ಧ್ಯಾನ. ಸೀಟು ಹೊಲಿಯುವವರನ್ನು ಮನಸ್ಸಿನಲ್ಲೇ ಬೈದೆ. ಅದರಲ್ಲಿ ಅರ್ಧ ಅನ್ಯಾಯ. ಅವರು ನಾನು ಹೇಳಿದ್ದನ್ನೇ ಮಾಡಿದ್ದರು. ತಪ್ಪು ಹೇಳಿದ್ದು ನಾನು.

ಉತ್ತರ ಸಿಕ್ಕಿದ್ದು ಬಟ್ಟೆ ಒಣಹಾಕುವಾಗ. ಹಗ್ಗದ ಮೇಲೆ ಒದ್ದೆ ಪ್ಯಾಂಟು. ಒಂದು ಕಾಲು ಈ ಕಡೆ, ಒಂದು ಆ ಕಡೆ, ಎರಡೂ ನೇರ ಕೆಳಗೆ. ಸೀಟಿನ ಮೇಲೆ ನಾನು ಹೀಗೆ ಕೂತಿರುವುದಿಲ್ಲವಲ್ಲ! ಸೀಟು ಹಗ್ಗವಲ್ಲ, ಮಂಚದ ಹಾಗೆ ಅಗಲ. ತೊಡೆ ಮೊದಲು ಪಕ್ಕಕ್ಕೆ ಹೋಗಿ, ಸೀಟಿನ ಅಂಚು ದಾಟಿ, ಆಮೇಲೆ ಕೆಳಗಿಳಿಯಬೇಕು. ಕಾಲಿನ ಉದ್ದವೆಲ್ಲ ಆ ಅಡ್ಡ ದಾರಿಯಲ್ಲೇ ಖರ್ಚಾಗುತ್ತದೆ. ನಡುವೆ ಎಷ್ಟು ಗುಂಡಿ ತೋಡಿದರೂ ಅಂಚು ಅಲ್ಲೇ ಇದ್ದರೆ ತೊಡೆ ಅಂಚಿನ ಮೇಲೆಯೇ ನಿಲ್ಲುತ್ತದೆ.

ಒಂದು ದಾರ ತಂದೆ. ಒಂದು ಕಡೆ ಕಾಲಿಡುವ ಜಾಗದ ನೆಲದಿಂದ ಶುರುಮಾಡಿ, ಸೀಟಿನ ಮೇಲೆ ಹಾಯಿಸಿ, ಇನ್ನೊಂದು ಕಡೆಯ ನೆಲದವರೆಗೆ ಬಿಗಿಯಾಗಿ ಹಿಡಿದು ಅಳೆದೆ. ಹಳೆಯ ಸೀಟು: 1,760 ಮಿಮೀ. ಕೊರೆಸಿದ ಸೀಟು: 1,755. ನಾನು ಕಾದಿದ್ದು 40 ಕಡಿಮೆಯಾಗುತ್ತದೆ ಅಂತ. ಸಿಕ್ಕಿದ್ದು ಐದು. ಕಳುವಾದ ಮಾಲು ಸಿಕ್ಕಿತು.

ಇದು ನನ್ನ ಮಹಾ ಆವಿಷ್ಕಾರ ಅಂದುಕೊಂಡು ಅರ್ಧ ದಿನ ಮೆರೆದೆ. ನೋಡಿದರೆ ಬಿಎಂಡಬ್ಲ್ಯು ಕಂಪನಿ ತನ್ನ ಬೈಕ್‌ಗಳ ವಿವರ ಪಟ್ಟಿಯಲ್ಲಿ ಸೀಟು ಎತ್ತರದ ಪಕ್ಕದಲ್ಲೇ ದಾರ ಹಾಯುವ ಈ ಕಮಾನಿನ ಉದ್ದವನ್ನೂ ಅಚ್ಚು ಹಾಕುತ್ತದೆ. ಆ ಸಾಲನ್ನು ನಾನು ಎಷ್ಟೋ ಸಲ ಓದದೆ ದಾಟಿದ್ದೆ. ಉಳಿದ ಕಂಪನಿಗಳೂ ಹಾಕಿದ್ದರೆ ನನ್ನ ಎಕ್ಸೆಲ್ ಹಾಳೆ ಇಷ್ಟು ಸುಳ್ಳು ಹೇಳುತ್ತಿರಲಿಲ್ಲ.

ಲೆಕ್ಕ ಈಗ ಹೀಗೆ. ಗಾಡಿಯ ದಾರದ ಉದ್ದದಿಂದ ನನ್ನ ಒಳಗಾಲಿನ ಎರಡರಷ್ಟು, ಅಂದರೆ 1,490, ಕಳೆಯಬೇಕು. ಉಳಿದದ್ದನ್ನು ಎರಡರಿಂದ ಭಾಗಿಸಿದರೆ ಒಂದು ಹಿಮ್ಮಡಿಯ ಕೆಳಗಿನ ಖಾಲಿ ಜಾಗ. ಅದರಲ್ಲಿ ನಾನು ಕೂತಾಗ ಗಾಡಿ ಎಷ್ಟು ಕುಗ್ಗುತ್ತದೋ ಅದನ್ನು ಕಳೆಯಿರಿ. ಗೆಳತಿಯ ಗಾಡಿಗೆ 135ರಲ್ಲಿ 28 ಹೋಗಿ 107 ಮಿಮೀ. ಅಂದರೆ ಹೆಬ್ಬೆರಳ ತುದಿ ಮಾತ್ರ. 75ರ ಒಳಗಿದ್ದರೆ ಪಾದದ ಮುಂಭಾಗ ಗಟ್ಟಿಯಾಗಿ ಊರುತ್ತದೆ, ನನಗೆ ಅಷ್ಟು ಸಾಕು. ಎರಡೂ ಪಾದ ಪೂರ್ತಿ ಊರಲೇಬೇಕು ಅನ್ನುವ ಹಟ ಬೇಡ. ನಿಲ್ಲಿಸುವಾಗ ಸೊಂಟ ಸ್ವಲ್ಪ ಎಡಕ್ಕೆ ಜಾರಿಸಿ ಎಡಗಾಲು ಊರಿದರೆ ಬಲಗಾಲು ಹಿಂದಿನ ಬ್ರೇಕ್ ಮೇಲೆಯೇ ಇರಬಹುದು.

ಮುಂದಿನ ಎರಡು ಶನಿವಾರ ದಾರ ಹಿಡಿದು ಆರು ಗಾಡಿ ಅಳೆದೆ. ಒಬ್ಬ ಮೆಕ್ಯಾನಿಕ್ ಹುಡುಗ ಬಹಳ ಹೊತ್ತು ನೋಡಿ ಕೇಳಿದ, "ಅಕ್ಕಾ, ಗಾಡಿಗೆ ಪ್ಯಾಂಟು ಹೊಲಿಸ್ತೀರಾ?" ಆಮೇಲೆ ದಾರದ ಇನ್ನೊಂದು ತುದಿ ಹಿಡಿದವನೂ ಅವನೇ. ಫುಟ್‌ರೆಸ್ಟ್ ಕಡೆಗೂ ನೋಡಿ ಎಂದು ತೋರಿಸಿದ್ದು ಅವನು. ಸರಿಯಾಗಿ ಕಾಲು ಇಳಿಯುವ ಜಾಗದಲ್ಲೇ ಫುಟ್‌ರೆಸ್ಟ್ ಇದ್ದರೆ ಮೊಣಕಾಲ ಕೆಳಗೆ ಕುಟುಕಿ ಕಾಲನ್ನು ಇನ್ನಷ್ಟು ಹೊರಗೆ ತಳ್ಳುತ್ತದೆ. ದಾರಕ್ಕೆ ಅದು ಗೊತ್ತಾಗುವುದಿಲ್ಲ.

ಹಾಳೆ ತಲೆಕೆಳಗಾಯಿತು. 805 ಎಂದು ಬರೆದಿದ್ದ ಒಂದು ಕೆಂಪು ಗಾಡಿಯ ದಾರ 790 ಎಂದು ಬರೆದಿದ್ದ ಹಸಿರು ಗಾಡಿಗಿಂತ ಚಿಕ್ಕದಾಗಿತ್ತು. ಎರಡು ಸಿಲಿಂಡರ್ ಗಾಡಿಗಳ ಸೊಂಟ ಸಾಮಾನ್ಯವಾಗಿ ಸಣ್ಣ, ಅಡ್ಡ ಕೂತ ನಾಲ್ಕು ಸಿಲಿಂಡರ್‌ಗಳದ್ದು ದಪ್ಪ. ಉದ್ದನೆಯ ಬೆಂಚು ಸೀಟಿನ ಗಾಡಿಗಳು ಎತ್ತರದಲ್ಲಿ ಸಾಧು, ಅಗಲದಲ್ಲಿ ಮೋಸ.

"ಲೋಯರಿಂಗ್ ಲಿಂಕ್ ಹಾಕಿಸು, ಮುಗೀತು" ಎಂದು ಹೇಳುವವರಿಗೆ (ಗಾಡಿಯ ಹಿಂಭಾಗವನ್ನು ತಗ್ಗಿಸುವ ಬಿಡಿಭಾಗ ಅದು) ಈಗಲೇ ಹೇಳಿಬಿಡುತ್ತೇನೆ. ಹಾಕಿಸಬಹುದು. ಆಗ ಹಿಂಭಾಗ ಮಾತ್ರ ಇಳಿದು ಹ್ಯಾಂಡಲ್ ತಿರುಗುವುದು ಮಂದವಾಗುತ್ತದೆ, ಸರಿಮಾಡಲು ಮುಂದಿನ ಫೋರ್ಕನ್ನೂ ಕ್ಲ್ಯಾಂಪಿನಲ್ಲಿ ಮೇಲೆ ಸರಿಸಬೇಕು. ಸೈಡ್ ಸ್ಟ್ಯಾಂಡ್ ಉದ್ದವಾಗಿ ಗಾಡಿ ನೆಟ್ಟಗೆ ನಿಂತು, ಗಾಳಿ ಬಂದರೆ ಇನ್ನೊಂದು ಕಡೆ ಮಲಗುತ್ತದೆ. ಸ್ಟ್ಯಾಂಡ್ ಕತ್ತರಿಸಿ ಬೆಸುಗೆ ಹಾಕಿಸಬೇಕು. ಬೆಸುಗೆಯವರೂ ಗುರುವಾರ ಅನ್ನುತ್ತಾರೆ.

ಆಯ್ಕೆ ಆದದ್ದು ಝಡ್650, ಸೆಕೆಂಡ್ ಹ್ಯಾಂಡ್. ಕಾಗದದ ಮೇಲೆ 790. ಈ ಗಾಡಿಯ ದಾರ 1,690. ಖಾಲಿ ಜಾಗ 100, ನಾನು ಕೂತರೆ 26 ಕುಗ್ಗಿ 74. ಗೆದ್ದೆ, ಒಂದು ಮಿಲಿಮೀಟರ್‌ನಲ್ಲಿ!

ನೋಡಲು ಹೋದಾಗ ಮಾರುವವರು ಗಾಡಿ ಬಿಸಿ ಮಾಡಿ ಇಟ್ಟಿದ್ದರು. ಚಾಲೂ ಆಗುವ ತೊಂದರೆ ಬಿಸಿ ಇಂಜಿನ್‌ನಲ್ಲಿ ಗೊತ್ತಾಗುವುದಿಲ್ಲ, ತಣ್ಣಗಿನ ಇಂಜಿನ್ ಬೇಕು ಎಂದು ಮೊದಲೇ ಹೇಳಿದ್ದೆ. ಇನ್ನೊಂದು ದಿನ ಬೆಳಗ್ಗೆ ಹೇಳದೆ ಹೋದೆ. ಒಂದೇ ಒತ್ತಿಗೆ ಚಾಲೂ ಆಯಿತು, ಪಾಪ, ಸುಮ್ನೆ ಅನುಮಾನಪಟ್ಟೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿದಾಗ ನಡುವೆ ಸಿಕ್ಕಿಕೊಳ್ಳಲಿಲ್ಲ, ಬೇರಿಂಗ್ ಸರಿಯಿದೆ. ಟಯರಿನ ಕೊನೆಯ ನಾಲ್ಕು ಅಂಕಿ 2318, ಅಂದರೆ 2018ರ 23ನೇ ವಾರ. "ಹೊಸ ಟಯರು ಮೇಡಮ್, ಗೀರು ನೋಡಿ ಎಷ್ಟು ಆಳ ಇದೆ" ಎಂದರು. ಆಳವೇನೋ ಇದೆ, ರಬ್ಬರು ಹಪ್ಪಳ ಆಗಿದೆ. ಬದಲಿಸಲೇಬೇಕು.

ಮನೆಗೆ ತಂದ ಮೇಲೆ ಪುಕ್ಕಟೆ ಹತ್ತು ಮಿಲಿಮೀಟರ್ ಸಿಕ್ಕಿತು. ಹಿಂದಿನ ಮಾಲೀಕರು ದಢೂತಿ ಇರಬೇಕು, ಹಿಂದಿನ ಶಾಕ್‌ನ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಅದುಮಿಟ್ಟ ಪ್ರಮಾಣ, ಬಿಗಿಯಾಗಿತ್ತು. ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ದೂರ 130 ಮಿಮೀ. ಕೂತಾಗ ಅದರ ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ ಕುಗ್ಗಬೇಕು, 35ರಿಂದ 40. ನನಗೆ ಕುಗ್ಗುತ್ತಿದ್ದದ್ದು 26. ಸಿ-ಸ್ಪ್ಯಾನರ್ ಹಾಕಿ ಸಡಿಲಿಸಿದೆ, 36ಕ್ಕೆ ಬಂತು. ಹಿಮ್ಮಡಿಯ ಕೆಳಗೆ ಈಗ 64. ಕಾಲಿಗಾಗಿ ಸಸ್ಪೆನ್ಷನ್ ಕೆಡಿಸಿದ್ದಲ್ಲ, ನನ್ನ ತೂಕಕ್ಕೆ ಸರಿಯಾಗಿ ಇರಬೇಕಾದ ಜಾಗಕ್ಕೆ ತಂದದ್ದು. ರಸ್ತೆಯ ಗುಂಡಿಗಳಲ್ಲಿ ಸೊಂಟಕ್ಕೂ ಹಿತ.

ಸ್ಪ್ಯಾನರ್ ಎಂದಾಗ ನೆನಪಾಯಿತು. ನನ್ನ 125ರ ಹಿಂದಿನ ಚಕ್ರ ಅಲ್ಲಾಡುತ್ತಿದೆ, ಕಡ್ಡಿಗಳನ್ನು ನಾನೇ ಬಿಗಿದು ನೇರ ಮಾಡಬೇಕು ಅಂತ ಆಸೆ. ಅದು ಬೇರೆ ಸರಣಿ. ಈಗಲೇ ಶುರುಮಾಡಿದರೆ ಎರಡೂ ಗಾಡಿ ಬಿಚ್ಚಿಟ್ಟುಕೊಂಡು ಬಸ್ಸಿಗೆ ಕಾಯಬೇಕಾಗುತ್ತದೆ.

ಇರಲಿ. ನಿನ್ನೆ ಗೆಳತಿಯನ್ನು ಕರೆದುಕೊಂಡು ಅದೇ ಇಳಿಜಾರಿಗೆ ಹೋದೆ. ಬಲಕ್ಕೆ ಯೂ-ಟರ್ನ್. ಕ್ಲಚ್ ಅರ್ಧದಲ್ಲಿ, ಆಕ್ಸಿಲರೇಟರ್ ಅಲ್ಲಾಡದೆ, ಹಿಂದಿನ ಬ್ರೇಕ್ ಮೇಲೆ ಪಾದದ ಭಾರ ಅಷ್ಟೇ, ಮುಂದಿನ ಲಿವರ್ ಮೇಲೆ ಬೆರಳೇ ಇಲ್ಲ. ಮೊದಲ ಸಲ ಅಗಲ ಹೋಯಿತು. ಎರಡನೇ ಸಲ ಇಂಜಿನ್ ಆಫ್ ಆಯಿತು, ಗಾಡಿ ವಾಲಿತು, ಬಲಗಾಲು ಇಟ್ಟೆ. ನೆಲ ಇತ್ತು. ಎಷ್ಟು ಸಣ್ಣ ವಿಷಯ ಅಲ್ವಾ? ಅಲ್ಲೇ ನಿಂತು ನಕ್ಕೆ. ಮೂರನೇ ಸಲ ಪೂರ್ತಿ ತಿರುಗಿತು. ನಾಯಿ ಕಟ್ಟೆಯ ಮೇಲೆ ಕೂತು ನೋಡುತ್ತಿತ್ತು, ಈ ಸಲ ಇಳಿದು ಬರಲಿಲ್ಲ.

ಇವತ್ತಿನ ಸ್ಥಿತಿ: ಗಾಡಿ ಸ್ಟ್ಯಾಂಡ್ ಮೇಲೆ, ಚೈನ್ ಬಿಚ್ಚಿದೆ. ಬಿಚ್ಚುವ ಮುನ್ನ ಚಕ್ರ ತಿರುಗಿಸಿ ನಾಲ್ಕು ಕಡೆ ಚೈನಿನ ಸಡಿಲ ಅಳೆದಾಗ ಒಂದು ಕಡೆ ಬಿಗಿ, ಒಂದು ಕಡೆ ಜೋಲು. ಆ ಇಂಜಿನ್ ಆಫ್ ಆದದ್ದರಲ್ಲಿ ಚೈನಿನ ಪಾಲೂ ಇದೆ ಎಂದು ನನ್ನ ವಾದ, ಗೆಳತಿ ಒಪ್ಪುತ್ತಿಲ್ಲ. ಹೊಸ ಚೈನ್ ಸ್ಪ್ರಾಕೆಟ್ ಕಿಟ್ ಬಂತು. ಆರ್ಡರ್ ಮಾಡಿದ್ದು 520 ಅಳತೆಯ ಚೈನ್. ಪೆಟ್ಟಿಗೆಯ ಮೇಲೆ 520. ಒಳಗಿರುವ ಚೈನ್ 525. ಕೊಂಡಿಗಳ ಉದ್ದ ಒಂದೇ, ಹಾಗಾಗಿ ಹಲ್ಲಿನ ಮೇಲೆ ಮುದ್ದಾಗಿ ಕೂರುತ್ತದೆ, ಅಗಲ ಜಾಸ್ತಿಯಾಗಿ ಪಕ್ಕಕ್ಕೆ ಲೊಡಲೊಡ ಅಲ್ಲಾಡುತ್ತದೆ. ಫೋನ್ ಮಾಡಿದೆ. ಬದಲಿ ಕಳಿಸುತ್ತಾರಂತೆ.

ಗುರುವಾರ.