ನೀರು ಕೇಳುತ್ತಾ ಸಾಗಿದ ದಾರಿ

ಅಮೆರಿಕದ ಸಣ್ಣ ಊರುಗಳು ಕಾರಿನಲ್ಲಿ ಹಾದುಹೋಗುವವರಿಗೆ ಕಾಣುವುದೇ ಬೇರೆ, ಆರ್‌ವಿಯಲ್ಲಿ ಹೋಗುವವರಿಗೆ ಕಾಣುವುದೇ ಬೇರೆ ಎಂಬುದು ಕಳೆದ ಜುಲೈನಲ್ಲಿ ನಮಗೆ ಚೆನ್ನಾಗಿ ಮನವರಿಕೆಯಾಯಿತು. ಕಾರಿನವರು ಪೆಟ್ರೋಲ್ ಹಾಕಿಸಿಕೊಂಡು, ಸಂಜೆಯೊಳಗೆ ಹೋಟೆಲಿರುವ ಊರು ಸೇರುವ ಆತುರದಲ್ಲಿ ಮುಂದೆ ಹೋಗಿಬಿಡುತ್ತಾರೆ. ಆರ್‌ವಿ ಎಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಒಳಗೇ ಇರುವ, ಗಾಲಿಯ ಮೇಲಿನ ಮನೆ. ಹಾಗಾಗಿ ಎಲ್ಲಿ ಬೇಕಾದರೂ ರಾತ್ರಿ ಕಳೆಯಬಹುದು. ಆದರೆ ಮನೆಗೆ ನೀರು ಬೇಕು, ಬಚ್ಚಲಿನ ಕೊಳೆನೀರು ಹೊರಹೋಗಬೇಕು. ನಾವು ಬಾಡಿಗೆಗೆ ಪಡೆದ 25 ಅಡಿಯ ಗಾಡಿಯ ಟ್ಯಾಂಕಿನಲ್ಲಿ ಹಿಡಿಸುತ್ತಿದ್ದುದು ಸುಮಾರು 150 ಲೀಟರ್. ನಾನು, ನನ್ನ ಹೆಂಡತಿ, ಮಗಳು ಎಷ್ಟೇ ಜಾಗ್ರತೆಯಿಂದ ಬಳಸಿದರೂ ಅದು ಎರಡು ದಿನಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಆದ್ದರಿಂದ ದಿನ ಬಿಟ್ಟು ದಿನ ಯಾವುದಾದರೊಂದು ಊರಿನಲ್ಲಿ ಇಳಿದು, ಎದುರಿಗೆ ಸಿಕ್ಕವರನ್ನು ನೀರು ಎಲ್ಲಿ ಸಿಗುತ್ತದೆ ಎಂದು ಕೇಳಲೇಬೇಕಾಗಿತ್ತು. ಆ ಹನ್ನೆರಡು ದಿನಗಳಲ್ಲಿ ನಮಗಾದ ಪರಿಚಯಗಳೆಲ್ಲ ಬಹುತೇಕ ಆ ಒಂದು ಪ್ರಶ್ನೆಯಿಂದಲೇ ಆರಂಭವಾದವು.

ನೀರಿನ ಮಾತು ಬಂದಾಗ ದಕ್ಷಿಣ ಡಕೋಟಾದ ವಾಲ್ ಎಂಬ ಊರನ್ನು ಬಿಡುವಂತಿಲ್ಲ. ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವ ಈ ಊರಿನಲ್ಲಿ ಟೆಡ್ ಮತ್ತು ಡೊರೊಥಿ ಹ್ಯೂಸ್ಟೆಡ್ ದಂಪತಿ 1931ರಲ್ಲಿ, ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಒಂದು ಔಷಧಿ ಅಂಗಡಿಯನ್ನು ಕೊಂಡರು. ವ್ಯಾಪಾರವೇ ಇರಲಿಲ್ಲ. 1936ರ ಬೇಸಿಗೆಯಲ್ಲಿ, ಹೆದ್ದಾರಿಯಲ್ಲಿ ಸಾಗುವ ಕಾರುಗಳ ಸದ್ದು ಕೇಳುತ್ತಿದ್ದ ಡೊರೊಥಿಯವರಿಗೆ, ಸುಡುಬಿಸಿಲಿನಲ್ಲಿ ಬಯಲು ದಾಟಿ ಬರುವ ಆ ಜನರಿಗೆ ಮೊದಲು ಬೇಕಾಗಿರುವುದು ತಣ್ಣನೆಯ ನೀರು ಎಂದು ಹೊಳೆಯಿತು. ಮಂಜುಗಡ್ಡೆ ಹಾಕಿದ ನೀರು ಉಚಿತವೆಂದು ರಸ್ತೆಯ ಪಕ್ಕದಲ್ಲಿ ಫಲಕ ನೆಟ್ಟರು, ಜನ ಬಂದರು. ವಾಲ್ ಡ್ರಗ್ ಈಗ ಒಂದು ಬೀದಿಯನ್ನೇ ಆವರಿಸಿರುವ ದೊಡ್ಡ ಅಂಗಡಿಸಾಲಾಗಿದ್ದರೂ ನೀರಿಗೆ ಇಂದಿಗೂ ಕಾಸಿಲ್ಲ, ಕಾಫಿಗೆ ಐದೇ ಸೆಂಟ್. ದಾರಿಹೋಕರಿಗೆ ಹೀಗೆ ಪುಕ್ಕಟೆ ನೀರು ಕೊಡುವ ಜಾಗಕ್ಕೆ ನಮ್ಮ ಭಾಷೆಯಲ್ಲಿ ಅರವಟ್ಟಿಗೆ ಎಂಬ ಹೆಸರು ಯಾವ ಕಾಲದಿಂದಲೋ ಇದೆ. ಪ್ರವಾಸಿಗರ ಗದ್ದಲ ವಿಪರೀತವಾಗಿದ್ದರಿಂದ ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಅಲ್ಲಿಂದ ದಕ್ಷಿಣಕ್ಕೆ, ಲಕೋಟಾ ಎಂಬ ಮೂಲನಿವಾಸಿ ಜನರಿಗೆ ಮೀಸಲಾದ ನೆಲವನ್ನು ದಾಟಿ ನೆಬ್ರಾಸ್ಕಾ ಸೇರಿದೆವು. ಈ ಬಯಲೆಲ್ಲ ಹಿಂದೆ ಅವರದೇ ಆಗಿತ್ತೆಂಬುದನ್ನು, ಇಲ್ಲಿನ ಊರುಗಳ ಸೌಜನ್ಯವನ್ನು ಬರೆಯುವಾಗಲೂ ಮರೆಯಲಾಗದು. ನೆಬ್ರಾಸ್ಕಾದ ಉತ್ತರ ಭಾಗದಲ್ಲಿ ಬಾಸ್ಟನ್‌ನಿಂದ ಆರೆಗಾನ್‌ವರೆಗೆ ಹೋಗುವ ಹೈವೇ 20 ಹಾದಿದೆ. ಅದರ ದಕ್ಷಿಣಕ್ಕೆ ಸ್ಯಾಂಡ್‌ಹಿಲ್ಸ್ ಎಂಬ, ಹುಲ್ಲು ಹೊದ್ದ ಮರಳುಗುಡ್ಡಗಳ ಸೀಮೆ ಹರಡಿಕೊಂಡಿದೆ. ಇಲ್ಲಿನ ಚೆರಿ ಕೌಂಟಿಯೊಂದೇ ಕನೆಕ್ಟಿಕಟ್ ರಾಜ್ಯಕ್ಕಿಂತ ದೊಡ್ಡದು, ಜನಸಂಖ್ಯೆ ಮಾತ್ರ ಆರು ಸಾವಿರವೂ ಇಲ್ಲ. ಎದುರಿನಿಂದ ಬರುವ ಪ್ರತಿಯೊಬ್ಬ ಚಾಲಕನೂ ಸ್ಟಿಯರಿಂಗ್ ಮೇಲಿನ ಕೈಯಿಂದ ಎರಡು ಬೆರಳೆತ್ತಿ ವಂದಿಸುತ್ತಾನೆ. ಮೊದಲ ದಿನ, ಯಾರೋ ಪರಿಚಯದವರೆಂದು ತಪ್ಪು ತಿಳಿದಿರಬೇಕು ಎಂದುಕೊಂಡೆವು; ಮೂರನೆಯ ದಿನಕ್ಕೆ ನಮ್ಮ ಬೆರಳುಗಳೂ ತಾವಾಗಿಯೇ ಮೇಲೇಳುತ್ತಿದ್ದವು.

ಈ ಹೆದ್ದಾರಿಯ ಬಹಳಷ್ಟು ಊರುಗಳು ಹುಟ್ಟಿದ್ದು ರೈಲಿನಿಂದ. ಹಬೆಯಂತ್ರಕ್ಕೆ ದಾರಿಯುದ್ದಕ್ಕೂ ನೀರು ಬೇಕು. ರೈತನ ಕುದುರೆಗಾಡಿ ಒಂದೇ ದಿನದಲ್ಲಿ ಧಾನ್ಯವನ್ನು ನಿಲ್ದಾಣಕ್ಕೆ ತಲುಪಿಸಿ ಮರಳಬೇಕು. ಹಾಗಾಗಿ ಹಳಿಯ ಗುಂಟ ಕೆಲವು ಮೈಲಿಗೊಂದು ನಿಲ್ದಾಣ, ನಿಲ್ದಾಣಕ್ಕೊಂದು ಊರು. 1992ರಲ್ಲಿ ಈ ರೈಲುಮಾರ್ಗವನ್ನು ಕೈಬಿಟ್ಟ ಮೇಲೆ ಹಳಿ ಹೋಯಿತು, ಊರುಗಳು ಉಳಿದವು. ದೂರದಿಂದ ಮೊದಲು ಕಣ್ಣಿಗೆ ಬೀಳುವುದು ಊರಿನ ಹೆಸರು ಬರೆದ ನೀರಿನ ಟ್ಯಾಂಕ್. ಆಮೇಲೆ ಧಾನ್ಯ ತುಂಬುವ ಎತ್ತರದ ಗೋಪುರ, ಒಂದು ಅಂಚೆ ಕಚೇರಿ, ಒಂದು ಗ್ರಂಥಾಲಯ.

ಅಂಥದೊಂದು ಊರಿನ ಉದ್ಯಾನದಲ್ಲಿ ನಾವು ಉಳಿದ ರಾತ್ರಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನೆಬ್ರಾಸ್ಕಾ, ಕಾನ್ಸಾಸ್‌ಗಳ ಎಷ್ಟೋ ಸಣ್ಣ ಊರುಗಳು ತಮ್ಮ ಉದ್ಯಾನದ ಒಂದು ಮೂಲೆಯನ್ನು ಆರ್‌ವಿಗಳಿಗೆಂದೇ ಬಿಟ್ಟುಕೊಟ್ಟಿವೆ. ಕಾವಲುಗಾರನಿಲ್ಲ, ಗುಮಾಸ್ತನಿಲ್ಲ. ಕಂಬಕ್ಕೆ ಬಿಗಿದ ಕಬ್ಬಿಣದ ಪೆಟ್ಟಿಗೆಯೊಂದಿದೆ, ಪಕ್ಕದಲ್ಲಿ ಖಾಲಿ ಲಕೋಟೆಗಳಿವೆ. ಹಣವಿಟ್ಟು, ಗಾಡಿಯ ನಂಬರ್ ಬರೆದು ಒಳಗೆ ಹಾಕಬೇಕು. ಕೆಲವೆಡೆ ಮೊದಲ ರಾತ್ರಿ ಪೂರ್ತಿ ಉಚಿತ, ಆಮೇಲಿನದು ತೋಚಿದಷ್ಟು ಕಾಣಿಕೆ.

ನಾವು ನಲ್ಲಿಗೆ ಪೈಪ್ ಜೋಡಿಸಿ ಹಿಡಿಕೆಯನ್ನು ಮೇಲಕ್ಕೆತ್ತಿದ ಕೂಡಲೇ ನೀರು ಟ್ಯಾಂಕಿಗೆ ಹೋಗದೆ ಜೋಡಣೆಯ ಸುತ್ತಲಿಂದ ಮುಖಕ್ಕೆ ಚಿಮ್ಮಿತು. ತಿರುವಿ ತಿರುವಿ ಬಿಗಿ ಮಾಡಿದರೂ ಸೋರಿಕೆ ನಿಲ್ಲಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಪಿಕಪ್ ಟ್ರಕ್ ಒಂದು ನಿಂತು, ಎಪ್ಪತ್ತು ದಾಟಿದ ಹಿರಿಯರೊಬ್ಬರು ಇಳಿದು ಬಂದರು. ಹೆಸರು, ಊರು ಯಾವುದನ್ನೂ ಕೇಳದೆ ಪೈಪಿನ ತುದಿಯನ್ನು ಕಳಚಿ, ಒಳಗೆ ಬೆರಳಾಡಿಸಿ, ವಾಷರ್ ಒಣಗಿ ಸೀಳಿದೆ ಎಂದರು. ತಮ್ಮ ಸಲಕರಣೆಯ ಡಬ್ಬಿಯಿಂದ ಎರಡು ಕಪ್ಪು ರಬ್ಬರ್ ವಾಷರ್ ತೆಗೆದು, ಒಂದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಇನ್ನೊಂದನ್ನು ನನ್ನ ಮಗಳ ಅಂಗೈಯಲ್ಲಿಟ್ಟು, ಇದು ಮುಂದೆ ಬೇಕಾಗುತ್ತದೆ ಎಂದರು. ಟ್ಯಾಂಕ್ ತುಂಬುವವರೆಗೂ ನಿಂತು ಮಾತನಾಡಿದರು. ಸ್ಯಾಂಡ್‌ಹಿಲ್ಸ್‌ನ ಮರಳು ಮಳೆಯನ್ನೆಲ್ಲ ಕೆಳಕ್ಕಿಳಿಸಿಕೊಳ್ಳುವುದನ್ನೂ, ಆ ನೀರು ಎಂಟು ರಾಜ್ಯಗಳ ಕೆಳಗೆ ಹರಡಿರುವ ಒಗಲಾಲ ಎಂಬ ಅಂತರ್ಜಲ ಭಂಡಾರಕ್ಕೆ ಸೇರುವುದನ್ನೂ, ದಕ್ಷಿಣದ ಟೆಕ್ಸಾಸ್ ಕಡೆ ಅದು ಬತ್ತುತ್ತಿರುವುದನ್ನೂ ಅವರು ತಮ್ಮ ಮನೆಯ ವಿಷಯವೆಂಬಂತೆ ವಿವರಿಸಿದರು. ಹಣ ಕೊಡಲು ಹೋದಾಗ ಕೈಯಾಡಿಸಿ ಬೇಡವೆಂದು, ಬೆಳಿಗ್ಗೆ ಸ್ವಯಂಸೇವಕ ಅಗ್ನಿಶಾಮಕ ದಳದವರ ಪ್ಯಾನ್‌ಕೇಕ್ ತಿಂಡಿಗೆ ಬನ್ನಿ, ಅಲ್ಲಿ ಕೊಡಿ ಎಂದರು. ಹೋದೆವು. ದಳಕ್ಕೆ ಹಣ ಕೂಡಿಸಲು ಊರಿನವರೇ ನಡೆಸುವ ಆ ತಿಂಡಿಯ ಸಾಲಿನಲ್ಲಿ, ಪಿಕಪ್‌ನವರು ಮುಂಚೆಯೇ ಹೇಳಿಟ್ಟಿದ್ದರೋ ಏನೋ, ನಮ್ಮ ಪೈಪ್ ಸರಿಹೋಯಿತೇ ಎಂದು ಅಪರಿಚಿತರು ಮೂರು ಬಾರಿ ಕೇಳಿದರು.

ಹೀಗೆ ಹೊರಡಬೇಕೆಂದಿರುವವರು ಕತ್ತಲಾಗುವ ಮೊದಲೇ ಊರು ತಲುಪಬೇಕು, ಲಕೋಟೆಗೆ ಹಾಕಲು ಚಿಲ್ಲರೆ ನೋಟುಗಳನ್ನು ಇಟ್ಟುಕೊಂಡಿರಬೇಕು. ಕೊಳೆನೀರನ್ನು ಅದಕ್ಕೆಂದೇ ಇರುವ ಡಂಪ್ ಸ್ಟೇಷನ್‌ನಲ್ಲಿ ಮಾತ್ರ ಖಾಲಿ ಮಾಡಬೇಕು. ಯಾರೋ ಒಬ್ಬರು ಇದರಲ್ಲಿ ತಪ್ಪಿದರೆ ಊರು ತನ್ನ ಉದ್ಯಾನವನ್ನು ಎಲ್ಲರಿಗೂ ಮುಚ್ಚಿಬಿಡಬಹುದು. ಇದು ನನಗೆ ಬಹಳ ಮುಖ್ಯವೆನಿಸುತ್ತದೆ.

ಕೊನೆಯ ಸಂಜೆ ವ್ಯಾಲೆಂಟೈನ್ ಎಂಬ ಊರಿನ ಬಳಿ, ನಯೋಬ್ರಾರ ನದಿಗೆ ಅಡ್ಡಲಾಗಿರುವ ಹಳೆಯ ರೈಲು ಸೇತುವೆಯ ಮೇಲೆ ನಡೆದೆವು. ಸುಮಾರು 400 ಮೀಟರ್ ಉದ್ದ, 45 ಮೀಟರ್ ಎತ್ತರದ ಈ ಸೇತುವೆಯ ಮೇಲೆ ಈಗ ನಡೆಯುವವರೂ ಸೈಕಲ್ಲಿನವರೂ ಓಡಾಡುತ್ತಾರೆ. ಕೆಳಗೆ, ದನಗಳಿಗೆ ನೀರಿಡುವ ದೊಡ್ಡ ದುಂಡನೆಯ ತೊಟ್ಟಿಯೊಳಗೆ ಬೆಂಚು ಹಾಕಿಕೊಂಡು, ಒಂದಿಡೀ ಕುಟುಂಬ ಹೊಳೆಯಲ್ಲಿ ನಿಧಾನವಾಗಿ ತೇಲುತ್ತಾ ಬರುತ್ತಿತ್ತು. ಈ ಸೀಮೆಯಲ್ಲಿ ಅದೊಂದು ಮೆಚ್ಚಿನ ಆಟ. ಮಗಳು ಸೇತುವೆಯ ಮೇಲಿಂದ ಎರಡು ಬೆರಳೆತ್ತಿದಳು. ತೊಟ್ಟಿಯಲ್ಲಿದ್ದ ಐವರೂ ತಲೆಯೆತ್ತಿ ಕೈಬೀಸಿದರು.