ಒಬ್ಬರ ಜತೆ ಕೂತು ಮಾರ್ಕನನ್ನು ಓದುವುದು

ಶಿಷ್ಯತ್ವದ ಒಡನಾಟವೆಂದರೆ ಕ್ರೈಸ್ತ ನಂಬಿಕೆಯಲ್ಲಿ ಹಿರಿಯರಾದವರು ಕಿರಿಯರೊಬ್ಬರ ಜತೆ ಕೂತು ಬೈಬಲನ್ನು ಓದುವುದು. ಮಲ್ಪೆಯಲ್ಲಿ ಬೋಟಿಗೆ ಹೋಗುವವರೊಬ್ಬರ ಜತೆ ಅದನ್ನು ಶುರು ಮಾಡುವುದಿದ್ದರೆ ಜೂನ್ ತಿಂಗಳು ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಿಕ್ಕ ಕಾಲದಲ್ಲಿ ಆಳಸಮುದ್ರಕ್ಕೆ ಹೋದವರು ಹತ್ತು ದಿನವಾದರೂ ಮರಳುವುದಿಲ್ಲ. ಪ್ರತಿ ಗುರುವಾರ ಸಂಜೆ ಏಳಕ್ಕೆ ಬನ್ನಿ ಅಂದರೆ ಎಲ್ಲಿಂದ ಬರಬೇಕು? ನಾವು ಓದುವ ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯಗಳಿವೆ. ವಾರಕ್ಕೆರಡು ಸಲ ಕೂತರೆ ಮಳೆಗಾಲದ ಆ ಎಂಟು ವಾರಗಳಲ್ಲಿ ಮುಗಿಯುತ್ತದೆ. ಚರ್ಚಿನ ಸಭೆಯ ಕ್ಯಾಲೆಂಡರನ್ನು ಅವರ ಮೇಲೆ ಹೇರಿ, ಮೂರು ಸಲ ತಪ್ಪಿಸಿದ ಕೂಡಲೇ 'ಅವರಿಗೆ ಆಸಕ್ತಿ ಇಲ್ಲ' ಎಂದು ಬರೆದು ಹಾಕುವುದು ಅನ್ಯಾಯ.

ಒಬ್ಬೊಬ್ಬರ ದಿನ ಒಂದೊಂದು ಬಗೆ. ಬೀಡಿ ಕಟ್ಟುವ ಹೆಂಗಸಿಗೆ ಕೈ ಬಿಡುವಿಲ್ಲ, ಕಿವಿ ಬಿಡುವಿದೆ. ನೀವು ಓದಿ, ಅವರು ಕಟ್ಟುತ್ತಾ ಕೇಳಲಿ. ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ಹೊತ್ತಿಗೆ ಮುಂಚೆ ಎದ್ದುಬಿಡಬೇಕು. ಕೊಂಕಣಿ ಕಥೊಲಿಕ್ ಮನೆಯಲ್ಲಾದರೆ ಸಂಜೆಯ ತೇರ್ಸ್‌ಗೆ, ಅಂದರೆ ಜಪಮಾಲೆಯ ಪ್ರಾರ್ಥನೆಗೆ, ಅಡ್ಡಿಯಾಗಬಾರದು. ಕರೆದರೆ ಅದರಲ್ಲೇ ಕೂತುಕೊಳ್ಳಿ, ಆ ಮನೆ ಹೇಗೆ ಪ್ರಾರ್ಥಿಸುತ್ತದೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕುವೈತ್‌ನಲ್ಲೋ ಸೌದಿಯಲ್ಲೋ ಇರುವವರಿಗೆ ಶುಕ್ರವಾರ ರಜೆ. ಅಲ್ಲಿ ಸಂಜೆ ಏಳಾದಾಗ ನಮಗೆ ಒಂಬತ್ತೂವರೆ. ದೇರಳಕಟ್ಟೆಯ ಹಾಸ್ಟೆಲಿನ ನರ್ಸಿಂಗ್ ವಿದ್ಯಾರ್ಥಿನಿಯರನ್ನು ಪರೀಕ್ಷೆಯ ತಿಂಗಳು ಸುಮ್ಮನೆ ಬಿಡಿ, ಫೋನ್ ಮಾಡಿ ಊಟ ಆಯಿತಾ ಎಂದು ಕೇಳಿದರೆ ಸಾಕು.

ಒಂದು ಭೇಟಿಗೆ ಒಂದೂಕಾಲು ಗಂಟೆ ಹಿಡಿಯುತ್ತದೆ. ಮೊದಲ ಕಾಲು ಗಂಟೆ ವಾರ ಹೇಗೆ ಹೋಯಿತೆಂಬ ಮಾತು. ಇದನ್ನು ಹಾರಿಸಬೇಡಿ, ಆಮೇಲಿನದೆಲ್ಲ ಇದರ ಮೇಲೆ ನಿಂತಿದೆ. ಆಮೇಲೆ ಅರ್ಧ ಗಂಟೆ ಓದು: ಭಾಗವನ್ನು ಎರಡು ಸಲ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ, ಕಿರಿಯರು ಅದನ್ನೇ ತಮ್ಮ ಮಾತಿನಲ್ಲಿ ಮತ್ತೆ ಹೇಳಬೇಕು. ಬಿಟ್ಟುಹೋದದ್ದು, ತಿರುಚಿದ್ದು, ಹೊಸದಾಗಿ ಸೇರಿಸಿದ್ದು ಆಗಲೇ ಕಾಣುತ್ತದೆ. ತಿದ್ದಲು ಆತುರ ಬೇಡ, 'ಇನ್ನೊಮ್ಮೆ ಓದೋಣವಾ?' ಅಂದರೆ ಅವರೇ ಹಿಡಿಯುತ್ತಾರೆ. ಮುಂದಿನ ಇಪ್ಪತ್ತು ನಿಮಿಷಕ್ಕೆ ಎರಡೇ ಪ್ರಶ್ನೆ: ಇದರಲ್ಲಿ ಯೇಸು ಎಂಥವನಾಗಿ ಕಂಡ? ಈ ವಾರ ನಾನು ಏನು ಮಾಡಬೇಕು? ಉತ್ತರ ಸಣ್ಣದಿರಬೇಕು. 'ಎಲ್ಲರನ್ನೂ ಪ್ರೀತಿಸುತ್ತೇನೆ' ಅಂದರೆ ಮುಂದಿನ ವಾರ ಕೇಳಲು ಏನೂ ಉಳಿಯುವುದಿಲ್ಲ. 'ಜಾಗದ ತಕರಾರಿನಲ್ಲಿ ಮಾತು ಬಿಟ್ಟ ಅಣ್ಣನಿಗೆ ಭಾನುವಾರದೊಳಗೆ ಫೋನ್ ಮಾಡುತ್ತೇನೆ' ಅಂದರೆ ಕೇಳಬಹುದು. ಕೊನೆಗೆ ಹತ್ತು ನಿಮಿಷ ಪ್ರಾರ್ಥನೆ.

ಮತ್ತೆ ಹೇಳುವುದು ಮನೆಮಾತಿನಲ್ಲೇ ಆಗಬೇಕು. ನಮ್ಮೂರಲ್ಲಿ ಸತ್ಯವೇದವನ್ನು ಕನ್ನಡದಲ್ಲಿ ಓದುವವರು ಅಳುವುದು ತುಳುವಿನಲ್ಲೋ ಕೊಂಕಣಿಯಲ್ಲೋ. 'ಪಶ್ಚಾತ್ತಾಪ', 'ವಿಮೋಚನೆ' ಎಂಬ ಪದಗಳನ್ನು ಬಾಯಿಪಾಠ ಒಪ್ಪಿಸುವವರಿಗೆ ಅದನ್ನೇ ತುಳುವಿನಲ್ಲಿ ಹೇಳಿ ಅಂದರೆ ತಡವರಿಸುತ್ತಾರೆ. ಆ ತಡವರಿಕೆಯ ಹತ್ತಿರವೇ ನಿಜವಾದ ಕಲಿಕೆ ಶುರುವಾಗುತ್ತದೆ, ಅಲ್ಲಿ ಸಾಕಷ್ಟು ಹೊತ್ತು ನಿಲ್ಲಿ.

ಹನ್ನೆರಡು ವಾರದ ಕೋರ್ಸು ಮುಗಿಸಿ ಸರ್ಟಿಫಿಕೇಟ್ ಕೊಟ್ಟರೆ ಶಿಷ್ಯರು ತಯಾರಾದರೆಂಬ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯರಿಗೆ ದೀಕ್ಷಾಸ್ನಾನವಾದದ್ದು 1844ರಲ್ಲಿ, ಪಾದ್ರಿಯಾಗಿ ಅಭಿಷೇಕವಾದದ್ದು 1851ರಲ್ಲಿ. ಆ ನಡುವೆ ಬಾಸೆಲಿನವರೆಗಿನ ಪ್ರಯಾಣದಲ್ಲೂ ಮೊಗ್ಲಿಂಗ್ ಜತೆಗಿದ್ದರು. ಏಳು ವರ್ಷ. ಬಾಸೆಲ್ ಮಿಷನ್ನಿನ ಹಿರಿಮೆ ಹೇಳುವಾಗ ಅಚ್ಚುಕೂಟ, ಹೆಂಚಿನ ಕಾರ್ಖಾನೆ ಎಲ್ಲ ಬರುತ್ತದೆ, ಈ ಏಳು ವರ್ಷ ಬರುವುದಿಲ್ಲ.

ಕೆಡುವುದು ಹೆಚ್ಚಾಗಿ ಹಿರಿಯರಿಂದಲೇ. ಮೊದಲನೆಯದು ಮಾತು. ಮುಕ್ಕಾಲು ಹೊತ್ತು ನೀವೇ ಮಾತಾಡಿದರೆ ಅದು ಪ್ರಸಂಗ, ಪ್ರಸಂಗಕ್ಕೆ ಭಾನುವಾರವಿದೆ. ಎರಡನೆಯದು ದುಡ್ಡು. ಕೈಸಾಲ ಕೊಟ್ಟ ದಿನದಿಂದ ಅವರು ನಿಮ್ಮ ಮುಖ ತಪ್ಪಿಸುತ್ತಾರೆ. ಅಗತ್ಯ ನಿಜವಾಗಿದ್ದರೆ ಸಭೆಯ ಸಹಾಯನಿಧಿಯ ದಾರಿ ತೋರಿಸಿ, ನಿಮ್ಮ ಜೇಬು ಬೇಡ. ಮನೆಯ ಗುಟ್ಟನ್ನು 'ಪ್ರಾರ್ಥನೆಗಾಗಿ' ಎಂದು ವಾಟ್ಸಾಪ್ ಗುಂಪಿಗೆ ಹಾಕಿದರೆ ಒಡನಾಟ ಅಲ್ಲಿಗೇ ಮುಗಿಯಿತು. ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಮಂಕಾಗಿ ಕೂತವರನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಪ್ರಾರ್ಥನೆ ಮಾಡಿದೆವು, ಇನ್ನು ಮಾತ್ರೆ ಬಿಡಿ ಎಂದು ಯಾರಿಗೂ ಹೇಳಬಾರದು. ಗಂಡಸರ ಜತೆ ಗಂಡಸರು, ಹೆಂಗಸರ ಜತೆ ಹೆಂಗಸರು ಕೂರಲಿ. ಹದಿನೆಂಟು ತುಂಬದವರಾದರೆ ಮನೆಯವರಿಗೆ ತಿಳಿಸಿ, ಬಾಗಿಲು ತೆರೆದ ಜಾಗದಲ್ಲಿ, ಇನ್ನೊಬ್ಬ ದೊಡ್ಡವರಿರುವಾಗ ಮಾತ್ರ.

ಜಾರಿಬಿದ್ದವರ ವಿಷಯ ಬಂದಾಗ ಯೋಹಾನ ಮಾರ್ಕನನ್ನು ನೆನೆಯಿರಿ. ಪೌಲ, ಬಾರ್ನಬರ ಜತೆ ಸುವಾರ್ತೆ ಸಾರಲು ಹೊರಟು, ಪಂಫುಲ್ಯದಲ್ಲಿ ಅವರನ್ನು ಅರ್ಧದಾರಿಗೆ ಬಿಟ್ಟು ಹೋದವನು ಅವನು. ಪೌಲನಿಗೆ ಅವನು ಬೇಡವಾದ, ಬಾರ್ನಬ ಅವನನ್ನೇ ಕರೆದುಕೊಂಡು ಸೈಪ್ರಸ್‌ಗೆ ಹೊರಟ. ವರ್ಷಗಳ ಮೇಲೆ ಅದೇ ಪೌಲ ತಿಮೊಥೆಯನಿಗೆ ಬರೆಯುವಾಗ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎನ್ನುತ್ತಾನೆ. ನಾವು ಓದುತ್ತಿರುವ ಸುವಾರ್ತೆಯನ್ನು ಸಭೆಯ ಪರಂಪರೆ ಕೊಡುವುದೂ ಅವನ ಹೆಸರಿಗೇ. ಕುಡಿತ ಬಿಟ್ಟವರು ಮದುವೆಮನೆಯಲ್ಲಿ ಮತ್ತೆ ಕುಡಿದರೆಂದು ಕೇಳಿದ ದಿನ ಬುದ್ಧಿವಾದ ಬೇಡ. ಮಾರನೇ ದಿನ ಹೋಗಿ, ಚಹಾ ಕುಡಿದು, ನಿಲ್ಲಿಸಿದ ಅಧ್ಯಾಯದಿಂದಲೇ ಮುಂದುವರಿಸಿ.

ಒಬ್ಬರು ಒಂದು ಕಾಲಕ್ಕೆ ಇಬ್ಬರನ್ನು ನೋಡಿಕೊಳ್ಳಬಹುದು, ಮೂವರಾದರೆ ಹೆಚ್ಚಾಯಿತು. ಎರಡನೇ ವರ್ಷದಲ್ಲಿ ಆ ಕಿರಿಯರೇ ಇನ್ನೊಬ್ಬರ ಜತೆ ಮಾರ್ಕನನ್ನು ಶುರು ಮಾಡಲಿ. ಮೊದಲ ಮೂರು ಸಲ ನೀವು ಪಕ್ಕದಲ್ಲಿ ಸುಮ್ಮನೆ ಕೂತಿರಿ. ತಪ್ಪು ಕೇಳಿಸಿದರೂ ಅಲ್ಲಿ ಬಾಯಿ ತೆರೆಯಬೇಡಿ, ವಾಪಸು ಬರುವ ದಾರಿಯಲ್ಲಿ ಹೇಳಿ. ನಾಲ್ಕನೇ ಸಲ ಹೋಗಬೇಡಿ.