ರೆಡಿ ಕೋಡ್ ಇದ್ರೆ ಕಳಿಸಿ ಸಾರ್

ಪ್ರೋಗ್ರಾಮರ್‌ಗಳು ಸೇರುವ ಕಡೆ ಈ ಬೇಡಿಕೆ ತಪ್ಪದೆ ಬರುತ್ತದೆ. "ಬಿಲ್ಲಿಂಗ್ ಸಾಫ್ಟ್‌ವೇರ್ ಬೇಕು, ಪೂರ್ತಿ ಕೋಡ್ ಕಳಿಸಿ." ಯಾರೋ ಒಬ್ಬರು "ಗೂಗಲ್ ಮಾಡಿ" ಎಂದು ಗದರುತ್ತಾರೆ. ಕೇಳಿದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಕೇಳುವವರಲ್ಲಿ ಕೆಲವರಿಗೆ ಕೆಲಸ ಆದರೆ ಸಾಕು, ಕೋಡ್ ಕಲಿಯುವ ಆಸೆಯೇ ಇಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಅವರಿಗೆ ಪಾಠ ಹೇಳುವುದು ಸುಮ್ನೆ ಕಂಠಶೋಷಣೆ. ಲೆಕ್ಕಕ್ಕೆ ಗ್ನೂಕ್ಯಾಶ್ ಎಂಬ ಸಾಫ್ಟ್‌ವೇರ್ ಇದೆ, ಉಚಿತ, ಬಿಲ್ ಕೂಡ ಮಾಡುತ್ತದೆ ಎಂದರೆ ಮುಗೀತು.

ಇನ್ನು ಕೆಲವರು ನಿಜವಾಗಿ ಕಲಿಯಲು ಬಂದವರು. ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗದೆ ಇಡೀ ಸಾಫ್ಟ್‌ವೇರನ್ನೇ ಕೇಳಿಬಿಡುತ್ತಾರೆ. ಸಣ್ಣ ಪ್ರಶ್ನೆ ಕೇಳುವುದಕ್ಕೂ ಸ್ವಲ್ಪ ತಿಳಿದಿರಬೇಕು ಅಲ್ವಾ? ಇವರಿಗೆ ನಾನೇ ತಿರುಗಿ ಪ್ರಶ್ನೆ ಹಾಕುತ್ತೇನೆ. ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೀರಿ? ಈವರೆಗೆ ಏನು ಬರೆದಿದ್ದೀರಿ? ಮೊದಲು ಎರಡು ವಸ್ತುಗಳ ಬೆಲೆ ಕೂಡಿಸಿ ತೋರಿಸುವಷ್ಟು ಬರೆಯಿರಿ. ಎರರ್ ಬಂದರೆ ಆ ಮೆಸೇಜನ್ನು ಹಾಗೇ ಕಾಪಿ ಮಾಡಿ ಹಾಕಿ. ಮೊಬೈಲಲ್ಲಿ ತೆಗೆದ ಸ್ಕ್ರೀನಿನ ಫೋಟೊ ಮಾತ್ರ ಬೇಡ, ದಯವಿಟ್ಟು!

ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಸಿದ್ಧ ಕೋಡ್ ರಾಶಿ ಬಿದ್ದಿದೆ, ನಿಜ. ಆದರೆ ಲೈಸೆನ್ಸ್, ಅಂದರೆ ಬಳಸಲು ಬರೆದವರು ಕೊಟ್ಟ ಅನುಮತಿ, ಇಲ್ಲದ ಕೋಡನ್ನು ಕಣ್ಣಿಗೆ ಕಂಡಿತೆಂದು ಎತ್ತಿಕೊಳ್ಳುವ ಹಾಗಿಲ್ಲ. ಎಂಐಟಿ ಲೈಸೆನ್ಸ್ ಇದ್ದರೆ ಧಾರಾಳವಾಗಿ ಬಳಸಬಹುದು, ಕಾಪಿರೈಟ್ ಸಾಲನ್ನೂ ಲೈಸೆನ್ಸಿನ ಪಠ್ಯವನ್ನೂ ಅಳಿಸಬಾರದು ಅಷ್ಟೇ. ಹೊಸಬರಿಗೆ ಇದನ್ನು ಹೇಳುವವರು ಕಡಿಮೆ. ಬೈಯುವವರೇ ಜಾಸ್ತಿ.

ಇನ್ನೂ ಒಂದು ಜಾತಿ ಇದೆ. "ಅರ್ಜೆಂಟ್, ನಾಳೆಯೇ ಪ್ರಾಜೆಕ್ಟ್ ಸಬ್ಮಿಷನ್" ಎನ್ನುವವರು. ಅವರಿಗೆ ಏನು ಹೇಳಬೇಕೋ ನನಗಿನ್ನೂ ಹೊಳೆದಿಲ್ಲ.